ಸ್ತನ ಶಸ್ತ್ರಚಿಕಿತ್ಸೆಯೊಂದನ್ನೇ ನೆಚ್ಚಿಕೊಂಡು ಮೈಸೂರು, ಮಂಡ್ಯದಲ್ಲಿ ವೃತ್ತಿ ನಡೆಸಬಹುದೇ?

ಪ್ರಶ್ನೆ: ಎಂ.ಎಸ್. ಅಂತಿಮ ವರ್ಷ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಜನರಲ್ ಸರ್ಜರಿಯ ಎಂ.ಎಸ್. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಸ್ವಂತ ಊರು ಪಾಂಡವಪುರ ತಾಲ್ಲೂಕು. ಮುಂದೆ ಸ್ತನ ಶಸ್ತ್ರಚಿಕಿತ್ಸೆಯನ್ನೇ ಮುಖ್ಯವಾಗಿ ಮಾಡಬೇಕೆಂಬ ಯೋಚನೆ ಬಹಳ ದಿನದಿಂದ ತಲೆಯಲ್ಲಿದೆ. ಅದನ್ನು ಹೇಳಿಕೊಂಡಾಗಲೆಲ್ಲ ಕೇಳಿಬರುವ ಮಾತು ಎರಡೇ ಬಗೆಯದು. ಸಹಪಾಠಿಗಳು, ಅದರಲ್ಲಿ ಕಲಿಯುವುದಕ್ಕೇನಿದೆ, ಯಾವ ಜನರಲ್ ಸರ್ಜನ್ ಬೇಕಾದರೂ ಮಾಡಿ ಮುಗಿಸುವ ಆಪರೇಷನ್, ಸುಮ್ಮನೆ ಗ್ಯಾಸ್ಟ್ರೋ ಕಡೆಗೆ ಹೋಗು ಎನ್ನುತ್ತಾರೆ. ಮನೆಯವರು, ಹೆಣ್ಣುಮಗಳಾದ ನಿನಗೆ ಅದೇ ಹೊಂದುತ್ತದೆ, ರಾತ್ರಿ ಹೊತ್ತು ಎದ್ದು ಓಡುವ ಕೆಲಸವಿಲ್ಲ ಎನ್ನುತ್ತಾರೆ. ಕೆಲಸ ಸಣ್ಣದು ಎನ್ನುವುದರಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ ಇದ್ದಂತಿದೆ.

ಅನುಭವಿಗಳಿಂದ ನಾನು ತಿಳಿಯಬಯಸುವುದು ಇಷ್ಟು. ಇದಕ್ಕೆ ನಮ್ಮ ದೇಶದಲ್ಲಿ ಸರಿಯಾದ ತರಬೇತಿಯ ದಾರಿ ಯಾವುದು? ಬೆಂಗಳೂರಿಗೆ ಹೋಗದೆ ಮೈಸೂರಿನಲ್ಲೋ ಮಂಡ್ಯದಲ್ಲೋ ನಿಂತು ಇದನ್ನು ಮಾಡುವಷ್ಟು ಕೆಲಸ ಇದೆಯೇ? ಕೊನೆಯದು, ಪುಸ್ತಕದಲ್ಲಿ ಇಲ್ಲದ್ದು: ರೋಗಿಯ ಜೊತೆ ನಡೆದುಕೊಳ್ಳುವ ಬಗೆ. ವರದಿ ಬಂದ ದಿನ ಮಗನೋ ಗಂಡನೋ ಬಾಗಿಲಲ್ಲೇ ನನ್ನನ್ನು ತಡೆದು, "ಡಾಕ್ಟ್ರೇ, ಅವ್ವನಿಗೆ ಏನೂ ಹೇಳಬೇಡಿ, ನೀರುಗೆಡ್ಡೆ ಅಂತ ಅಷ್ಟೇ ಹೇಳಿ" ಎನ್ನುತ್ತಾರೆ. ಒಳಗೆ ಹೋದರೆ ಆ ತಾಯಿ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಅಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನಿವೃತ್ತ ಸರ್ಜನ್, ಸರಸ್ವತಿಪುರಂ

ದಾರಿಯ ವಿಷಯ ಸುಲಭದ್ದು, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಎಂ.ಎಸ್. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಆದ ಮೇಲೆ ನೀಟ್ ಎಸ್.ಎಸ್. ಎಂಬ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಎಂ.ಸಿ.ಎಚ್. ಸರ್ಜಿಕಲ್ ಆಂಕಾಲಜಿ, ಅಂದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಉನ್ನತ ಪದವಿ, ಮಾಡುವುದು ಹೆಚ್ಚಿನವರು ಹಿಡಿಯುವ ಹಾದಿ. ಅಲ್ಲಿ ಸ್ತನದ ಜೊತೆಗೆ ಬಾಯಿ, ಹೊಟ್ಟೆ, ಗರ್ಭಕೋಶ ಎಲ್ಲವೂ ಇರುತ್ತದೆ. ಎಂ.ಸಿ.ಎಚ್. ಎಂಡೋಕ್ರೈನ್ ಸರ್ಜರಿ ಎಂಬ ಇನ್ನೊಂದು ಹಾದಿಯೂ ಇದೆ. ಲಖನೌದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿಯಂಥ ಕೆಲವೇ ಸಂಸ್ಥೆಗಳಲ್ಲಿರುವ ಈ ಕೋರ್ಸಿನಲ್ಲಿ ಥೈರಾಯ್ಡ್ ಜೊತೆಗೆ ಸ್ತನವನ್ನೂ ಚೆನ್ನಾಗಿ ಕಲಿಸುತ್ತಾರೆ, ಆದರೆ ಸೀಟು ಕಡಿಮೆ. ಇವೆರಡೂ ಬೇಡವೆನ್ನುವವರು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸ್ತನಕ್ಕೆ ಮೀಸಲಾದ ಫೆಲೋಶಿಪ್ ಮಾಡಿಕೊಳ್ಳುತ್ತಾರೆ. ಎಂ.ಬಿ.ಬಿ.ಎಸ್. ಐದೂವರೆ, ಎಂ.ಎಸ್. ಮೂರು, ಎಂ.ಸಿ.ಎಚ್. ಮೂರು ಎಂದು ಕೂಡಿಸಿದರೆ ನಡುವೆ ಒಂದು ವರ್ಷವೂ ಪೋಲಾಗದಿದ್ದರೂ ಹನ್ನೊಂದೂವರೆ ವರ್ಷವಾಗುತ್ತದೆ. ನಡುವೆ ಪೋಲಾಗದೆ ಇರುವುದಿಲ್ಲ.

ಇನ್ನು, ಕಲಿಯುವುದಕ್ಕೇನಿದೆ ಎಂದವರ ಮಾತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನವನ್ನೂ, ಅದರ ಅಡಿಯ ಎದೆಯ ಸ್ನಾಯುಗಳನ್ನೂ, ಕಂಕುಳಿನ ಗಂಟುಗಳನ್ನೂ (ದುಗ್ಧಗ್ರಂಥಿಗಳನ್ನೂ) ಒಟ್ಟಿಗೆ ತೆಗೆದುಹಾಕುತ್ತಿದ್ದರು. ರೋಗ ಎದೆಯಿಂದ ಮೆಲ್ಲನೆ ಸುತ್ತಲೂ ಹಬ್ಬುತ್ತದೆ, ಆದ್ದರಿಂದ ಎಷ್ಟು ಅಗಲವಾಗಿ ತೆಗೆದರೆ ಅಷ್ಟು ಕ್ಷೇಮ ಎಂಬುದು ಅದರ ಹಿಂದಿನ ತರ್ಕ. ಮುಕ್ಕಾಲು ಶತಮಾನ ಲಕ್ಷಾಂತರ ಹೆಂಗಸರು ಪಕ್ಕೆಲುಬು ಕಾಣುವ ಎದೆಯನ್ನೂ ಊದಿಕೊಂಡ ತೋಳನ್ನೂ ಹೊತ್ತು ಬದುಕಿದರು. ಅಮೆರಿಕದವರೇ ಆದ ಸರ್ಜನ್ ಬರ್ನಾರ್ಡ್ ಫಿಶರ್ ಈ ತರ್ಕವನ್ನೇ ಪ್ರಶ್ನಿಸಿದರು: ರೋಗದ ಕಣಗಳು ರಕ್ತದ ಮೂಲಕ ಮೊದಲೇ ಹೊರಟುಹೋಗಿರಬಹುದಾದರೆ, ಎದೆಯ ಮೇಲಿನ ಗಾಯವನ್ನು ದೊಡ್ಡದು ಮಾಡಿ ಪಡೆಯುವುದೇನು? ಅವರು 1976ರಲ್ಲಿ ಆರಂಭಿಸಿದ ಪ್ರಯೋಗದ ಫಲಿತಾಂಶ 1985ರಲ್ಲಿ ಬಂತು. ಇಟಲಿಯ ಮಿಲಾನಿನಲ್ಲಿ ಉಂಬೆರ್ಟೊ ವೆರೊನೆಸಿ ಅದಕ್ಕೂ ಮೊದಲು, 1981ರಲ್ಲಿ, ತಮ್ಮ ಪ್ರಯೋಗವನ್ನು ಪ್ರಕಟಿಸಿದ್ದರು. ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದೊಡನೆ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ ಕಾಲ ಒಂದೇ. 2002ರಲ್ಲಿ ಎರಡೂ ಪ್ರಯೋಗಗಳ ಇಪ್ಪತ್ತು ವರ್ಷದ ಲೆಕ್ಕ ಬಂದಾಗಲೂ ಅದೇ ಉತ್ತರ.

ಆಮೇಲೆ ಕಂಕುಳಿನ ಸರದಿ. ಎಲ್ಲ ಗಂಟುಗಳನ್ನೂ ಬಾಚಿ ತೆಗೆಯುವ ಬದಲು, ನೀಲಿ ಬಣ್ಣವನ್ನೋ ವಿಕಿರಣಶೀಲ ದ್ರವವನ್ನೋ ಸ್ತನಕ್ಕೆ ಚುಚ್ಚಿ, ಅದು ಮೊದಲು ಹೋಗಿ ಸೇರುವ ಒಂದೆರಡು ಗಂಟುಗಳನ್ನು ಮಾತ್ರ ಪರೀಕ್ಷಿಸುವ ಸೆಂಟಿನೆಲ್ ನೋಡ್ ಕ್ರಮ 1990ರ ದಶಕದಲ್ಲಿ ಬೆಳೆಯಿತು. ಅಲ್ಲಿ ರೋಗವಿಲ್ಲವೆಂದರೆ ಉಳಿದದ್ದನ್ನು ಮುಟ್ಟುವಂತಿಲ್ಲ. ಒಂದೆರಡರಲ್ಲಿ ರೋಗವಿದ್ದರೂ, ಸ್ತನದ ಗಂಟನ್ನಷ್ಟೇ ತೆಗೆಸಿಕೊಂಡು ರೇಡಿಯೇಷನ್ ಮತ್ತು ಔಷಧ ಪಡೆಯುವ ಹಲವರಲ್ಲಿ ಕಂಕುಳನ್ನು ಬಿಟ್ಟುಬಿಡಬಹುದೆಂದು 2011ರಲ್ಲಿ ಪ್ರಕಟವಾದ ಝಡ್-0011 ಪ್ರಯೋಗ ತೋರಿಸಿತು. ಮೆಥಿಲೀನ್ ಬ್ಲೂ ನಮ್ಮ ಯಾವ ಊರಿನಲ್ಲೂ ಸಿಗುವ ಅಗ್ಗದ ಬಣ್ಣ. ಅದನ್ನು ಚುಚ್ಚಿ, ಒಂದೆರಡು ನಿಮಿಷ ತಿಕ್ಕಿ, ಕಂಕುಳಿನ ಕೊಬ್ಬಿನೊಳಗೆ ನೀಲಿಗಟ್ಟಿದ ಎಳೆಯನ್ನು ಹಿಂಬಾಲಿಸಿ ಆ ಗಂಟನ್ನು ಹುಡುಕುವುದು ನೋಡಿದಷ್ಟು ಸುಲಭವಲ್ಲ. ಕೈ ಕುದುರುವುದಕ್ಕೆ ಹತ್ತಾರು ಕೇಸು ಬೇಕು.

ಹೀಗೆ ಬ್ಲೇಡಿನ ಕೆಲಸ ಕಿರಿದಾದಷ್ಟೂ ಬ್ಲೇಡು ಹಿಡಿಯುವ ಮುಂಚಿನ ಕೆಲಸ ಹಿರಿದಾಗಿದೆ. ನಿಮ್ಮ ಸಹಪಾಠಿಗಳು ನೋಡುತ್ತಿರುವುದು ಓಟಿಯೊಳಗಿನ ಒಂದೂವರೆ ಗಂಟೆಯನ್ನು ಮಾತ್ರ. ಉದಾಹರಣೆಗೆ, ನಮ್ಮ ಭಾಗದಲ್ಲಿ ಈಗಲೂ ಕಾಣಸಿಗುವ ಒಂದು ಸಂಗತಿ ಹೇಳುತ್ತೇನೆ. ನಲವತ್ತೆರಡು ವರ್ಷದ ಹೆಂಗಸು ಬರುತ್ತಾರೆ. ಸ್ತನದ ಮೇಲ್ಭಾಗದಲ್ಲಿ ಎರಡಂಗುಲದ ಹೊಸ ಗಾಯದ ಗುರುತು. "ಗಂಟಿತ್ತು, ಊರಿನ ನರ್ಸಿಂಗ್ ಹೋಮಿನಲ್ಲಿ ತೆಗೆದರು" ಎನ್ನುತ್ತಾರೆ. ಸೂಜಿ ಪರೀಕ್ಷೆ ಮಾಡಿಲ್ಲ, ಮ್ಯಾಮೊಗ್ರಾಂ ಇಲ್ಲ. ತೆಗೆದ ಮೇಲೆ ಬಂದ ಕಾಗದದಲ್ಲಿ ಕ್ಯಾನ್ಸರ್ ಎಂದಿದೆ, ತೆಗೆದ ತುಂಡಿನ ಅಂಚಿನಲ್ಲಿ ರೋಗವಿದೆಯೇ ಎಂಬ ಮಾತಿಲ್ಲ. ಈಗ ಎಷ್ಟು ಉಳಿದಿದೆಯೋ ತಿಳಿಯದು, ಮತ್ತೆ ತೆರೆಯಬೇಕು. ಗಂಟು ದೊಡ್ಡದಾಗಿದ್ದು, ಹರ್-2 (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನ್) ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಅದೂ ಹೆಚ್ಚಿರದ, ಹಾರ್ಮೋನಿಗೂ ಸ್ಪಂದಿಸದ) ಬಗೆಯದಾಗಿದ್ದರೆ ಮೊದಲು ಕೀಮೋ ಕೊಟ್ಟು, ಅದು ಕರಗುತ್ತದೆಯೇ ಇಲ್ಲವೇ ಎಂದು ಕಣ್ಣಾರೆ ನೋಡಿ ಮುಂದಿನ ಔಷಧ ನಿರ್ಧರಿಸುವ ಅವಕಾಶವಿತ್ತು. ಗಂಟೇ ಇಲ್ಲದ ಮೇಲೆ ಅದೂ ಹೋಯಿತು. ಗಾಯವನ್ನು ಅಡ್ಡಾದಿಡ್ಡಿ ಹಾಕಿದ್ದರೆ ಸ್ತನ ಉಳಿಸಿಕೊಳ್ಳುವ ಅವಕಾಶವೂ ಕ್ಷೀಣ. ಆ ಆಪರೇಷನ್ ಮಾಡಿದವರ ಕೈ ಒಳ್ಳೆಯದೇ ಇರಬಹುದು, ಹೊಲಿಗೆ ಸೊಗಸಾಗಿಯೇ ಇರುತ್ತದೆ. ತಪ್ಪಿದ್ದು ಕ್ರಮ. ಕೈಯಿಂದ ಪರೀಕ್ಷೆ, ಚಿತ್ರ, ದಪ್ಪ ಸೂಜಿಯ ಬಯಾಪ್ಸಿ, ರೋಗ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ಹೇಳುವ ಇ.ಆರ್., ಪಿ.ಆರ್., ಜೊತೆಗೆ ಹರ್-2 ವರದಿ, ಇಷ್ಟೂ ಮೇಜಿನ ಮೇಲೆ ಬರುವವರೆಗೆ ಗಂಟಿಗೆ ಬ್ಲೇಡು ತಾಗಿಸದೆ ಇರುವವನೇ ನನ್ನ ಮಟ್ಟಿಗೆ ಸ್ತನ ಶಸ್ತ್ರಚಿಕಿತ್ಸಕ. ಕುಟುಂಬ ಹೊರಗೆ ನಿಂತು ಇವತ್ತೇ ತೆಗೆದುಬಿಡಿ ಎಂದು ಅವಸರ ಮಾಡುತ್ತಿರುವಾಗ ಹಾಗೆ ಕಾಯುವುದು, ಆಪರೇಷನ್ ಮಾಡುವುದಕ್ಕಿಂತ ಕಷ್ಟದ ಕೆಲಸ.

ಸಂಶೋಧನೆಗೆ ಈ ಕ್ಷೇತ್ರದಲ್ಲಿ ಜಾಗವಿಲ್ಲ ಎಂದೂ ತಿಳಿಯಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದಲ್ಲಿ ರಾಜೇಂದ್ರ ಬಡ್ವೆ ಅವರ ತಂಡ 1,600 ಮಹಿಳೆಯರಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿ. ಗಂಟನ್ನು ತೆಗೆಯುವ ಏಳರಿಂದ ಹತ್ತು ನಿಮಿಷ ಮೊದಲು ಅದರ ಸುತ್ತ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚಿದರು, ಅಷ್ಟೇ. ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರ ಪ್ರಮಾಣ ಚುಚ್ಚಿಸಿಕೊಂಡವರಲ್ಲಿ ಶೇಕಡಾ 86.6, ಉಳಿದವರಲ್ಲಿ 82.6. ಹಲ್ಲು ಕೀಳುವುದಕ್ಕೆ ಕೊಡುವ ಮದ್ದು, ಪ್ರತಿ ಓಟಿಯ ಕಪಾಟಿನಲ್ಲೂ ಇರುವಂಥದ್ದು. ಒಂದೇ ಪ್ರಯೋಗ, ಇನ್ನೂ ಬೇರೆಡೆ ದೃಢಪಡಬೇಕೆಂಬ ವಾದ ಇದೆ, ಅದು ನ್ಯಾಯವೂ ಹೌದು.

ಉತ್ತರ 2: ವಾರ್ಡ್ ಸಿಸ್ಟರ್, ಮಂಡ್ಯ

ಸರ್ ಅವರು ಆಪರೇಷನ್ನಿಗೆ ಮುಂಚಿನದನ್ನು ಬರೆದಿದ್ದಾರೆ. ಆಮೇಲಿನದು ನಮ್ಮ ಪಾಲಿಗೆ ಬರುವುದರಿಂದ ಅದನ್ನು ನಾನು ಬರೆಯುತ್ತೇನೆ.

ಆಪರೇಷನ್ ಆದ ಹೆಂಗಸಿನ ಪಕ್ಕದಲ್ಲಿ ಡ್ರೇನಿನ, ಅಂದರೆ ಗಾಯದೊಳಗಿನ ದ್ರವ ಹೊರತೆಗೆಯುವ ನಳಿಕೆಯ, ಬಾಟಲಿ ಇರುತ್ತದೆ. ಬೆಳಿಗ್ಗೆ ಅದನ್ನು ಅಳೆದು ಚಾರ್ಟಿನಲ್ಲಿ ಬರೆಯುವುದು ನಮ್ಮ ಕೆಲಸ. ದಿನಕ್ಕೆ ಸುಮಾರು ಮೂವತ್ತು ಎಂ.ಎಲ್.ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಎಷ್ಟೋ ಸರ್ಜನ್‌ಗಳು ರೌಂಡ್ಸಿನಲ್ಲಿ ಬಾಟಲಿ ನೋಡುತ್ತಾರೆ, ಚಾರ್ಟು ನೋಡುತ್ತಾರೆ, ಹೋಗುತ್ತಾರೆ. ನಾನು ಕಂಡ ಒಬ್ಬ ಡಾಕ್ಟರಮ್ಮ ಮಾತ್ರ ಬಾಟಲಿಯನ್ನು ರೋಗಿಯ ಕೈಗೇ ಕೊಟ್ಟು, ಹೇಗೆ ಅಳೆಯಬೇಕು, ಮುಚ್ಚಳ ತೆಗೆದು ಖಾಲಿ ಮಾಡಿದ ಮೇಲೆ ಗಾಳಿ ಹೇಗೆ ಒತ್ತಿ ತೆಗೆಯಬೇಕು ಎಂದು ತೋರಿಸುತ್ತಿದ್ದರು. ಡ್ರೇನು ಇರುವಂತೆಯೇ ಮನೆಗೆ ಹೋಗುವವರಿಗೆ ಇದು ದೊಡ್ಡ ಧೈರ್ಯ. ಅದರ ಜೊತೆಗೆ, ಮಾರನೆಯ ದಿನವೇ ಗೋಡೆಯ ಮುಂದೆ ನಿಲ್ಲಿಸಿ, ಆ ಕಡೆಯ ಕೈಬೆರಳುಗಳನ್ನು ಗೋಡೆಯ ಮೇಲೆ ನೋವಾಗುವ ಮಟ್ಟದವರೆಗೆ ಹತ್ತಿಸಿ, ಪೆನ್ಸಿಲಿನಿಂದ ಅಲ್ಲೊಂದು ಗೀಟು ಎಳೆಸುತ್ತಿದ್ದರು. ನಾಳೆಯ ಗೀಟು ಇವತ್ತಿನದಕ್ಕಿಂತ ಮೇಲಿರಬೇಕು ಎನ್ನುವುದೊಂದೇ ಸೂಚನೆ. ನಮ್ಮ ವಾರ್ಡಿನ ಗೋಡೆಗೆ ಸುಣ್ಣ ಹೊಡೆಸಿದಾಗ ಆ ಗೀಟುಗಳೆಲ್ಲ ಹೋದವು, ಆಫೀಸಿನವರಿಗೆ ಸಮಾಧಾನವಾಯಿತು.

ಡಾಕ್ಟರನ್ನು ಕೇಳದ ಪ್ರಶ್ನೆಗಳನ್ನು ಹೆಂಗಸರು ನಮ್ಮನ್ನು ಕೇಳುತ್ತಾರೆ. ಹಸು ಕರೆಯಬಹುದೇ, ನೀರಿನ ಕೊಡ ಸೊಂಟದ ಮೇಲೆ ಇಟ್ಟುಕೊಳ್ಳಬಹುದೇ, ಕಬ್ಬಿನ ಗದ್ದೆಗೆ ಇಳಿಯಬಹುದೇ, ಗಂಡ ಹತ್ತಿರ ಬಂದರೆ ಏನಾದರೂ ಆಗುತ್ತದೆಯೇ. ಕಬ್ಬಿನ ಗರಿ ಕೊಯ್ದು ಆ ಕೈಗೆ ಗಾಯವಾದರೆ ಸೋಂಕು ತಗುಲಿ ತೋಳು ಬಾತುಕೊಳ್ಳುವ ಅಪಾಯ ಕಂಕುಳಿನ ಗಂಟು ತೆಗೆಸಿದವರಿಗೆ ಜಾಸ್ತಿ. ಆದ್ದರಿಂದ ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ ಎನ್ನುತ್ತೇವೆ. ಬಾವು ಶುರುವಾಗುವುದನ್ನು ಟೇಪು ಹಿಡಿದು ಅಳೆಯುವ ನಮಗಿಂತ ಮೊದಲು ಅವರೇ ಕಂಡುಹಿಡಿಯುತ್ತಾರೆ: ಬಳೆ ಬಿಗಿಯಾಯಿತು ಎಂದು ಬರುತ್ತಾರೆ. "ಎಲ್ಲರಿಗೂ ಸ್ವಲ್ಪ ಬಾವು ಇರುತ್ತೆ ಕಣಮ್ಮ" ಎಂದು ವಾಪಸು ಕಳಿಸಿದರೆ, ಮುಂದಿನ ಬಾರಿ ಬರುವಾಗ ತೋಳು ಗಟ್ಟಿಯಾಗಿರುತ್ತದೆ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಪೂರ್ತಿ ತೆಗೆಸಿಕೊಂಡವರು ರವಿಕೆಯೊಳಗೆ ಏನು ಇಟ್ಟುಕೊಳ್ಳಬೇಕು ಎಂಬುದನ್ನೂ ಸರ್ಜನ್ ಬಿಡುಗಡೆಯ ದಿನ ಹೇಳಬೇಕು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬಾಕೆ ತೆಳು ಬಟ್ಟೆಯ ಚೀಲ ಹೊಲಿದು ರಾಗಿ ತುಂಬಿಕೊಂಡಿದ್ದರು. ಹತ್ತಿ ಮೇಲಕ್ಕೆ ಏರುತ್ತದೆ, ರಾಗಿ ತೂಕಕ್ಕೆ ಸರಿಯಾಗಿ ಕೂರುತ್ತದೆ ಎಂದು ಅವರೇ ವಿವರಿಸಿದರು. ಸಿಲಿಕಾನಿನದು ಕೊಳ್ಳಲಾರದವರಿಗೆ ಆಮೇಲೆ ನಾನು ಅದನ್ನೇ ಹೇಳಿಕೊಡುತ್ತಿದ್ದೇನೆ.

ಉತ್ತರ 3: ಚಿಕಿತ್ಸೆ ಪಡೆದವರು, ಮದ್ದೂರು

ನಾನು ವೈದ್ಯಳಲ್ಲ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರಶ್ನೆ ಕೇಳಿದ ಮಗಳಿಗೆ ರೋಗಿಯ ಕಡೆಯಿಂದಲೂ ಒಂದು ಮಾತು ತಲುಪಲಿ ಎಂದು ಬರೆಯುತ್ತಿದ್ದೇನೆ.

ನನ್ನನ್ನು ಮೊದಲು ನೋಡಿದ ಕಡೆ ಪರೀಕ್ಷೆಯ ಕೋಣೆಯ ಬಾಗಿಲು ಪದೇ ಪದೇ ತೆರೆಯುತ್ತಿತ್ತು, ಫೈಲು ಕೊಡುವುದಕ್ಕೆ ಹುಡುಗನೊಬ್ಬ ಒಳಗೇ ಬಂದ. ಅಲ್ಲಿಗೆ ಮತ್ತೆ ಹೋಗಲಿಲ್ಲ. ಮುಂದೆ ಮೈಸೂರಿನಲ್ಲಿ ನನಗೆ ಆಪರೇಷನ್ ಮಾಡಿದವರು ಗಂಡಸು. ಅವರು ಪರದೆ ಎಳೆದು, ಸಿಸ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ಕಡೆ ಪರೀಕ್ಷಿಸುವಾಗ ಇನ್ನೊಂದು ಕಡೆಯನ್ನು ಬಟ್ಟೆಯಿಂದ ಮುಚ್ಚಿಯೇ ಇಟ್ಟಿದ್ದರು. ಹೆಣ್ಣು ವೈದ್ಯರು ಬೇಕೆಂದು ಬಹಳ ಜನ ಬಯಸುತ್ತಾರೆ, ಅದು ಸಹಜ. ಆದರೆ ಆ ಬಟ್ಟೆಯ ತುಂಡನ್ನು ಯಾರು ಬೇಕಾದರೂ ಹೊದಿಸಬಹುದಲ್ಲವೇ?

ವರದಿ ಬಂದ ದಿನ ಅವರು, "ಒಳಗೆ ನಿಮ್ಮ ಜೊತೆ ಯಾರಿರಬೇಕು ಅಮ್ಮ, ನೀವೇ ಹೇಳಿ" ಎಂದು ಕೇಳಿದರು. ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಎರಡು ದಾರಿಗಳನ್ನೂ ತೋರಿಸಿದರು. ಗಂಟನ್ನಷ್ಟೇ ತೆಗೆದರೆ ರೇಡಿಯೇಷನ್ ಬೇಕೇ ಬೇಕು. ಪೂರ್ತಿ ತೆಗೆದರೂ ಕಂಕುಳಿನ ವರದಿ ನೋಡಿ ಬೇಕಾಗಬಹುದು. ಆಯಸ್ಸಿನ ಮಟ್ಟಿಗೆ ಎರಡೂ ಒಂದೇ. ನಾನು ಪೂರ್ತಿ ತೆಗೆಸುವುದನ್ನೇ ಆರಿಸಿಕೊಂಡೆ. ಮುಖ್ಯ ಕಾರಣ ಕರೆಂಟು (ರೇಡಿಯೇಷನ್) ಕೊಡಿಸಿಕೊಳ್ಳಲು ಪ್ರತಿದಿನ ಮೈಸೂರಿಗೆ ಓಡಾಡುವ ತಾಪತ್ರಯ. ಅವರು ನನ್ನನ್ನು ಬದಲಿಸಲು ಹಟ ಹಿಡಿಯಲಿಲ್ಲ, ಆದರೆ, "ಓಡಾಟವೊಂದೇ ಕಾರಣವಾದರೆ ಈಗ ಅದು ಮೂರು ವಾರದ ಮಾತು, ಉಳಿದುಕೊಳ್ಳಲು ವ್ಯವಸ್ಥೆ ವಿಚಾರಿಸಬಹುದು, ಮನೆಗೆ ಹೋಗಿ ಯೋಚಿಸಿ ಬನ್ನಿ" ಎಂದು ಒಂದು ವಾರ ಕೊಟ್ಟರು. ಒಂದು ವಾರದಲ್ಲಿ ರೋಗ ಓಡಿಹೋಗುವುದಿಲ್ಲ ಎಂದೂ ಹೇಳಿದರು, ಆ ಮಾತು ನನಗೆ ಬಹಳ ಬೇಕಾಗಿತ್ತು. ನನ್ನ ಮನಸ್ಸು ಬದಲಾಗಲಿಲ್ಲ. ಆಪರೇಷನ್ ಆದ ಮೇಲೆ ಕಂಕುಳಿನ ಗಂಟುಗಳಲ್ಲಿ ರೋಗ ಇದೆಯೆಂದು ಬಂತು, ಕೊನೆಗೆ ಹದಿನೈದು ಸಿಟ್ಟಿಂಗ್ ಕರೆಂಟು ಕೊಡಿಸಿಕೊಳ್ಳಲೇಬೇಕಾಯಿತು! ಮೊದಲೇ ಹೇಳಿದ್ದರಿಂದ ಮೋಸಹೋದೆ ಅನ್ನಿಸಲಿಲ್ಲ. ಬೆಳಗಿನ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದೊಳಗೆ ಶಾಲೆಗೆ ಬಂದ ದಿನಗಳೂ ಇವೆ. ಈಗ ಹಾರ್ಮೋನಿನ ಪ್ರಭಾವ ತಡೆಯುವ ಟಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ.

ಉತ್ತರ 4: ತಾಲ್ಲೂಕು ಆಸ್ಪತ್ರೆಯ ಸರ್ಜನ್, ಮಂಡ್ಯ ಜಿಲ್ಲೆ

ಹಣದ ವಿಷಯವನ್ನು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ತಾಲ್ಲೂಕು ಮಟ್ಟದಲ್ಲಿ ಸ್ತನವೊಂದನ್ನೇ ನಂಬಿ ಕುಳಿತರೆ ಖಾಸಗಿಯಲ್ಲಿ ಕ್ಲಿನಿಕ್ಕಿನ ಬಾಡಿಗೆ ಹುಟ್ಟುವುದೂ ಕಷ್ಟ. ಮೈಸೂರಿನಲ್ಲಿ ಆಗಬಹುದು, ಅದೂ ಮೊದಲ ಕೆಲವು ವರ್ಷ ಹರ್ನಿಯಾ, ಅಪೆಂಡಿಕ್ಸ್ ಮಾಡುತ್ತಲೇ ವಾರಕ್ಕೆರಡು ದಿನ ಸ್ತನದ ಕ್ಲಿನಿಕ್ ನಡೆಸಿಕೊಂಡು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿರುವುದರಿಂದ ರೋಗಿಗಳ ಕೈ ಖಾಲಿಯಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳದೆ ನೇರವಾಗಿ ಖಾಸಗಿಗೆ ಹೋಗಿ ತೊಂದರೆಗೆ ಸಿಕ್ಕುವವರೇ ಹೆಚ್ಚು. ಆ ಕಾಗದವನ್ನು ಮೊದಲ ಭೇಟಿಯಲ್ಲೇ ಸರಿಮಾಡಿಸುವುದು ಸರ್ಜನ್ ಕೆಲಸವಲ್ಲ ಎನ್ನುವವರು ಈ ಕ್ಷೇತ್ರಕ್ಕೆ ಬರಬೇಡಿ.

ಇನ್ನೊಂದು. ಸ್ತನದ ದೂರು ಹೊತ್ತು ಬರುವವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಫೈಬ್ರೊಅಡಿನೋಮ ಎಂಬ ಕ್ಯಾನ್ಸರ್ ಅಲ್ಲದ ಗಂಟು, ತಿಂಗಳಿಗೊಮ್ಮೆ ಬರುವ ಸ್ತನದ ನೋವು, ಹಾಲೂಡಿಸುವ ತಾಯಂದಿರ ಕೀವುಗಂಟು, ಇವೇ ಜಾಸ್ತಿ. ಕೀವುಗಂಟನ್ನು ಉದ್ದಕ್ಕೆ ಕೊಯ್ದು ಬತ್ತಿ ತುರುಕುವ ಹಳೆಯ ಪದ್ಧತಿಯ ಬದಲು ಸ್ಕ್ಯಾನ್ ನೋಡುತ್ತ ಸೂಜಿಯಿಂದ ಒಂದೆರಡು ಸಲ ಎಳೆದರೆ ಹೆಚ್ಚಿನವು ವಾಸಿಯಾಗುತ್ತವೆ, ತಾಯಿ ಹಾಲೂಡಿಸುವುದನ್ನೂ ನಿಲ್ಲಿಸಬೇಕಿಲ್ಲ. ಗ್ರಾನ್ಯುಲೋಮಾಟಸ್ ಮಾಸ್ಟೈಟಿಸ್ ಎಂಬ ಸ್ತನದ ಉರಿಯೂತವೊಂದಿದೆ: ನೋಡಿದರೆ ಕ್ಯಾನ್ಸರ್ ಅನ್ನಿಸುತ್ತದೆ, ಬಯಾಪ್ಸಿಯಲ್ಲಿ ಕ್ಷಯದಂತೆ ಕಾಣುತ್ತದೆ, ಕೊಯ್ದಷ್ಟೂ ಹೊಸ ಜಾಗದಲ್ಲಿ ಒಡೆಯುತ್ತದೆ. ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಎದೆಯ ತುಂಬ ಗಾಯ ಮಾಡಿಕೊಂಡು ಬಂದ ಸಣ್ಣ ವಯಸ್ಸಿನ ತಾಯಂದಿರನ್ನು ಕಂಡಿದ್ದೇನೆ. ಇಂಥದ್ದರಲ್ಲಿ ತಾಳ್ಮೆಯಿಂದ ಕಾದು, ಕೊಯ್ಯದೆ ಇರುವ ಒಬ್ಬ ಸರ್ಜನ್ ಜಿಲ್ಲೆಯಲ್ಲಿದ್ದರೂ ಸಾಕು.

ಡಬ್ಬಿಯ ವಿಷಯವನ್ನೂ ಸೇರಿಸುತ್ತೇನೆ. ತೆಗೆದ ತುಂಡನ್ನು ಸಲೈನಿನಲ್ಲೋ, ಕೈಗೆ ಸಿಕ್ಕ ಸ್ಪಿರಿಟ್ಟಿನಲ್ಲೋ ಹಾಕಿ, ಮುಚ್ಚಳಕ್ಕೆ ಪ್ಲಾಸ್ಟರ್ ಸುತ್ತಿ, ರೋಗಿಯ ಮಗನ ಕೈಗೆ ಕೊಟ್ಟು ಮೈಸೂರಿನ ಬಸ್ಸು ಹತ್ತಿಸುವ ರೂಢಿ ಎಲ್ಲೆಡೆ ಇದೆ. ಒಂದು ಗಂಟೆಯೊಳಗೆ, ತುಂಡಿನ ಹತ್ತುಪಟ್ಟು ಪ್ರಮಾಣದ ಸರಿಯಾದ ಫಾರ್ಮಲಿನ್ (ತುಂಡು ಕೆಡದಂತೆ ಕಾಯುವ ದ್ರವ) ಒಳಗೆ ಅದು ಇರದಿದ್ದರೆ ಇ.ಆರ್., ಪಿ.ಆರ್. ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಆ ಒಂದು ಸುಳ್ಳಿನಿಂದ, ಮೇಲೆ ಬರೆದ ಶಿಕ್ಷಕಿ ತೆಗೆದುಕೊಳ್ಳುತ್ತಿರುವಂಥ ಅಗ್ಗದ ಮಾತ್ರೆ ಒಬ್ಬ ಹೆಂಗಸಿಗೆ ಐದು ವರ್ಷ ಸಿಗದೆ ಹೋಗುತ್ತದೆ.

ತಡವಾಗಿ ಬರುವುದರ ಬಗ್ಗೆ: ಮುಂಬೈಯಲ್ಲಿ ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದ ರೋಗ ಮುಂಚಿನ ಹಂತದಲ್ಲಿ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಇಳಿಯಲಿಲ್ಲ. ಮ್ಯಾಮೊಗ್ರಾಂ ಯಂತ್ರ ಬರಲಿ ಎಂದು ಕಾಯುವ ಬದಲು, ಹೊಸದಾಗಿ ಬರುವ ಸ್ತನ ಸರ್ಜನ್ ತಿಂಗಳಿಗೊಂದು ದಿನ ಆಶಾ ಕಾರ್ಯಕರ್ತೆಯರಿಗೆ ಮತ್ತು ಸಿಸ್ಟರುಗಳಿಗೆ ಕೈ ಪರೀಕ್ಷೆ ಕಲಿಸಿದರೆ ಆಕೆಯ ಒ.ಪಿ.ಡಿ. ತಾನಾಗಿ ತುಂಬುತ್ತದೆ.

ಮರುಪ್ರಶ್ನೆ: ಎಂ.ಎಸ್. ಅಂತಿಮ ವರ್ಷ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಫಾರ್ಮಲಿನ್ ಡಬ್ಬಿಯ ಮಾತನ್ನು ನಾಳೆಯೇ ನಮ್ಮ ಓಟಿಯಲ್ಲಿ ನೋಡುತ್ತೇನೆ. ಬಾಗಿಲಲ್ಲಿ ತಡೆಯುವ ಮಗನ ವಿಷಯಕ್ಕೆ ಶಿಕ್ಷಕಿ ಮೇಡಂ ಅವರ ಅನುಭವದಲ್ಲಿ ಅರ್ಧ ಉತ್ತರ ಸಿಕ್ಕಿತು. ಆದರೆ ಮಗ ಬೇಡವೆಂದೇ ಪಟ್ಟು ಹಿಡಿದರೆ?

ಉತ್ತರ 5: ನಿವೃತ್ತ ಸರ್ಜನ್, ಸರಸ್ವತಿಪುರಂ

ಮಗನ ಮೇಲೆ ರೇಗಬೇಡಿ, ಅವನು ಹೆದರಿದ್ದಾನೆ. ಅವನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿ: ಕೀಮೋ ಶುರುವಾಗಿ ಕೂದಲು ಉದುರಿದಾಗ ಅವ್ವನಿಗೆ ಏನು ಹೇಳುತ್ತೀಯಪ್ಪ? ಅದಕ್ಕೆ ಅವನ ಬಳಿ ಉತ್ತರವಿರುವುದಿಲ್ಲ. ನೀರುಗೆಡ್ಡೆ ಎಂದು ನಂಬಿಸಿದ ಹೆಂಗಸು, ಆಪರೇಷನ್ ಮುಗಿದ ಮೇಲೆ ಚಿಕಿತ್ಸೆ ಏಕೆ ಎಂದು ಎರಡನೆಯ ಕೀಮೋಗೇ ಬರುವುದನ್ನು ನಿಲ್ಲಿಸುತ್ತಾರೆ. ಸುಳ್ಳಿನಿಂದ ಆಗುವ ನಷ್ಟ ಅಲ್ಲಿ ಕಣ್ಣಿಗೆ ಕಾಣುತ್ತದೆ. ಅದನ್ನು ಅವನಿಗೆ ಹೇಳಿ. ನಾನಾಗಿ ಮೇಲೆ ಬಿದ್ದು ಹೇಳುವುದಿಲ್ಲ, ಅವರು ಕೇಳಿದರೆ ಸುಳ್ಳು ಹೇಳುವುದೂ ಇಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ.

ಒಳಗೆ ಹೋದ ಮೇಲೆ ಕುಳಿತುಕೊಳ್ಳಿ. ನಿಂತುಕೊಂಡು ಈ ಮಾತು ಆಡಬಾರದು. ಪರೀಕ್ಷೆ ಏಕೆ ಮಾಡಿಸಿದೆವು ಎಂದು ಅವರಿಗೆ ಏನನ್ನಿಸಿದೆ ಎಂದು ಕೇಳಿ. ಹತ್ತರಲ್ಲಿ ಎಂಟು ಮಂದಿ, "ಅದೇ ಇರಬಹುದು ಅಂತ ಗೊತ್ತಿತ್ತು" ಎಂದೇ ಶುರು ಮಾಡುತ್ತಾರೆ, ಮನೆಯವರಿಗೆ ನೋವಾದೀತೆಂದು ಬಾಯಿಬಿಟ್ಟಿರುವುದಿಲ್ಲ. ಎಷ್ಟು ತಿಳಿಯಬೇಕು, ಮಿಕ್ಕದ್ದನ್ನು ಯಾರಿಗೆ ಹೇಳಲಿ ಎಂದು ಅವರನ್ನೇ ಕೇಳಿ. ನನಗೇನೂ ಬೇಡ, ಮಗನಿಗೇ ಹೇಳಿ ಎನ್ನುವವರೂ ಇದ್ದಾರೆ, ಅದೂ ಅವರ ಹಕ್ಕು. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಆ ದಿನ ಕೀಮೋದ ವೇಳಾಪಟ್ಟಿಯನ್ನೆಲ್ಲ ಒದರಿದರೆ ಏನೂ ತಲೆಗೆ ಹೋಗುವುದಿಲ್ಲ. ಮುಂದಿನ ಭೇಟಿಯ ದಿನ, ತರಬೇಕಾದ ಕಾಗದ, ಫೋನ್ ಮಾಡಬೇಕಾದ ಸಿಸ್ಟರಿನ ಹೆಸರು, ಇಷ್ಟನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಿ.

ಸಿಸ್ಟರ್ ಬರೆದ ಗೋಡೆಯ ಗೀಟಿನ ಬಗ್ಗೆ ಒಂದು ಮಾತು ಸೇರಿಸಬೇಕು. ಇಂಗ್ಲೆಂಡಿನಲ್ಲಿ ಲಿಜ್ ಓ'ರಿಯೊರ್ಡನ್ ಎಂಬ ಸ್ತನ ಶಸ್ತ್ರಚಿಕಿತ್ಸಕಿಗೆ 2015ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಅದೇ ರೋಗ ಬಂತು. ಮರುಕಳಿಸಿದ ಮೇಲೆ ಆದ ಚಿಕಿತ್ಸೆಯಿಂದ ತೋಳಿನ ಚಲನೆ ಕುಗ್ಗಿ ಆಪರೇಷನ್ ಮಾಡುವುದನ್ನೇ ಬಿಡಬೇಕಾಯಿತು. ತಾವು ಅಷ್ಟು ವರ್ಷ ಚಿಕಿತ್ಸೆ ಮಾಡುತ್ತಿದ್ದರೂ ರೋಗಿಗಳು ಮನೆಯಲ್ಲಿ ಏನನ್ನು ಎದುರಿಸುತ್ತಾರೆಂಬುದು ಅಲ್ಲಿಯವರೆಗೆ ತಿಳಿದಿರಲಿಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ನಿಮಗೆ ಅದನ್ನು ತಿಳಿಯಲು ರೋಗ ಬರಬೇಕಿಲ್ಲ. ಎಂ.ಎಸ್. ಮುಗಿಯುವ ಮುನ್ನ ಒಂದು ತಿಂಗಳು ಓಟಿಗೆ ಹೋಗುವ ಬದಲು ರೇಡಿಯೇಷನ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆ ಒಂದು ಗಂಟೆ ಕುಳಿತು ಬನ್ನಿ, ಎಂ.ಸಿ.ಎಚ್. ಅರ್ಜಿಯ ವಿಷಯ ಆಮೇಲೆ ಮಾತನಾಡೋಣ.